ಸ್ಕ್ರೂಡ್ರೈವರಿನ ಮೊನೆಯಿಂದ ಶುರುವಾಗುವ ಕಂಪ್ಯೂಟರ್

ಆ ಕಂಪ್ಯೂಟರನ್ನು ಶುರು ಮಾಡಲು ಒಬ್ಬನಿಗೇ ಬರುತ್ತಿತ್ತು. ಬಂದ ತಪ್ಪಿಗೆ ಆ ಒಬ್ಬ ಗಾಜಿನ ಕೋಣೆಯಲ್ಲಿ ಕೂತು ಕೊಳೆಯುತ್ತಿದ್ದ.

ಗುಜರಿ ಅಂಗಳದ ಗೇಟು ದಾಟಿದ ಕೂಡಲೇ ಲಾರಿ ತೂಗುವ ಕಬ್ಬಿಣದ ಕಟ್ಟೆ. ಅದಕ್ಕೆ ಅಂಟಿಕೊಂಡಂತೆ ಆ ಗಾಜಿನ ಕೋಣೆ. ಒಂದು ಮೇಜು, ಒಂದು ಕುರ್ಚಿ ಹಾಕಿದರೆ ಕಾಲು ಚಾಚಲು ಜಾಗವಿಲ್ಲ. ಮಧ್ಯಾಹ್ನವಾದರೆ ಮೂರೂ ಕಡೆಯಿಂದ ಬಿಸಿಲು. ಇದ್ದ ಒಂದೇ ಫ್ಯಾನಿನ ಮುಖ ಕಂಪ್ಯೂಟರಿನ ಕಡೆಗೆ. ಮನುಷ್ಯ ಬೆವರಿದರೆ ಒರೆಸಿಕೊಳ್ಳುತ್ತಾನೆ. ಕಂಪ್ಯೂಟರ್ ಬಿಸಿಯಾದರೆ ನಿಂತುಬಿಡುತ್ತದೆ, ಲಾರಿಗಳ ಸಾಲು ರಸ್ತೆಗೆ ಬರುತ್ತದೆ, ಧಣಿ ಕೂಗಾಡುತ್ತಾರೆ. ಹಾಗಾಗಿ ಗಾಳಿ ಅದಕ್ಕೆ, ಬೆವರು ತೂಕದಣ್ಣನಿಗೆ. ಡ್ರೈವರುಗಳು ಅವನನ್ನು ಕರೆಯುತ್ತಿದ್ದದ್ದು ಹಾಗೆ.

ಕಂಪ್ಯೂಟರ್ ಎನ್ನಲು ಅದಕ್ಕೆ ಮೈಮೇಲೆ ಬಟ್ಟೆಯೇ ಇರಲಿಲ್ಲ. ಮುಚ್ಚಳ ಎಂದೋ ಹೋಗಿತ್ತು. ಮದರ್‌ಬೋರ್ಡು ಒಂದು ಲೋಡಿನಲ್ಲಿ ಬಂದದ್ದು, ರ‍್ಯಾಮು ಇನ್ನೊಂದರಲ್ಲಿ. ಕರೆಂಟು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆ ಯಾವುದೋ ಮುಚ್ಚಿದ ಆಫೀಸಿನದು. ಹಾರ್ಡ್ ಡಿಸ್ಕು ಮಾತ್ರ ಹುಟ್ಟಿನಿಂದ ಜೊತೆಗಿತ್ತು. ಶುರುವಾಗುವಾಗ ಅಜ್ಜನ ಹಾಗೆ ಕೆಮ್ಮುತ್ತಿತ್ತು. ಏನು ಸತ್ತರೂ ತೂಕದಣ್ಣ ಗುಜರಿ ರಾಶಿ ಕೆದಕಿ ಹೊಂದುವುದನ್ನು ತಂದು ಕೂರಿಸುತ್ತಿದ್ದ. ಪುಕ್ಕಟೆ ಸಿಗುವುದು ಇರುವಾಗ ಧಣಿ ಹೊಸದನ್ನು ಏಕೆ ತಂದಾರು? ತೂಕದ ಮೀಟರಿನ ದಪ್ಪ ಕೇಬಲ್ಲಿಗೆ ಬೇಕಾದ ಹಳೇ ಕಾಲದ ಕಿಂಡಿ ಹೊಸ ಕಂಪ್ಯೂಟರುಗಳಲ್ಲಿ ಇರುವುದಿಲ್ಲ ಎಂಬ ನೆವ ಬೇರೆ. ಆ ಕೇಬಲ್ಲನ್ನು ಹೊಸದಕ್ಕೆ ಸೇರಿಸುವ ಕನೆಕ್ಟರು ಪೇಟೆಯಲ್ಲಿ ಸಿಗುತ್ತದೆ ಎಂದು ಹೇಳಿ ಹೇಳಿ ತೂಕದಣ್ಣನ ಬಾಯಿ ಸೋತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ದಿನ ಶುರು ಮಾಡುವ ಗುಂಡಿ ಮುರಿದು ಕೆಳಗೆ ಬಿದ್ದಿತ್ತು. ಇವನು ಮದರ್‌ಬೋರ್ಡಿನ ಮೂಲೆಯಲ್ಲಿದ್ದ ಗುಂಡಿಯ ವೈರು ಸೇರುವ ಎರಡು ಸಣ್ಣ ಕಡ್ಡಿಗಳನ್ನು ಹುಡುಕಿ, ಸ್ಕ್ರೂಡ್ರೈವರಿನ ಮೊನೆಯಿಂದ ಎರಡನ್ನೂ ಒಟ್ಟಿಗೆ ಮುಟ್ಟಿದ. ಜುಂ ಎಂದು ಶುರುವಾಯಿತು. ಸುತ್ತ ನಿಂತಿದ್ದ ಡ್ರೈವರುಗಳು ಶಿಳ್ಳೆ ಹೊಡೆದರು. "ಮಂತ್ರ ಹಾಕಿದ ಕಣ್ರೋ!" ಎಂದ ಒಬ್ಬ. ಇವನಿಗೆ ಕೊಂಬು ಬಂತು. ಬೇರೆ ಗುಂಡಿ ಹಾಕುವ ಗೋಜಿಗೇ ಹೋಗಲಿಲ್ಲ. ಬೆಳಿಗ್ಗೆ ಅಂಗಳ ತೆರೆಯುವಾಗ, ಕರೆಂಟು ಹೋಗಿ ಬಂದಾಗ, ಎಲ್ಲಕ್ಕೂ ಇವನೇ ಬರಬೇಕು, ಇವನೇ ಮುಟ್ಟಬೇಕು. ಬೇರೆಯವರು ಮುಟ್ಟಿದರೆ ಸುಟ್ಟೀತು ಎಂಬ ಹೆದರಿಕೆಯನ್ನು ಇವನೇ ಊದಿ ದೊಡ್ಡದು ಮಾಡಿದ. ತಂಗಿಯ ಮದುವೆಯಲ್ಲಿ ಊಟದ ಸಾಲಿನಿಂದ ಎದ್ದು ಓಡಿ ಬಂದದ್ದೂ ಈ ಡಬ್ಬಿಗಾಗಿಯೇ.

ಅವನ ಹೆಂಡತಿ ನರ್ಸು. ನದಿ ದಂಡೆಯ ಊರಿನ ಆಸ್ಪತ್ರೆಗೆ ವರ್ಗವಾದಾಗ ಮಗಳನ್ನು ಕರೆದುಕೊಂಡು ಹೋದಳು. ಆ ಊರಲ್ಲೂ ಧಣಿಗೆ ಒಂದು ಗುಜರಿ ಅಂಗಳವಿತ್ತು. ಈಗ ಅಲ್ಲಿನ ಗುಮಾಸ್ತ ಕೆಲಸ ಬಿಡುತ್ತಿದ್ದ. ಸೋಮವಾರದೊಳಗೆ ಇವನು ಹೋಗದಿದ್ದರೆ ಆ ಕುರ್ಚಿ ಧಣಿಯ ಸೋದರಳಿಯನ ಪಾಲು.

"ಸಂಸಾರ ಯಾರ ಜೊತೆ ಅಂತ ತೀರ್ಮಾನ ಮಾಡ್ರಿ," ಎಂದಿದ್ದಳು ಹೆಂಡತಿ ಫೋನಿನಲ್ಲಿ. "ನಮ್ಮ ಜೊತೆನೋ, ಆ ಡಬ್ಬಿ ಜೊತೆನೋ? ಮಗಳು ಅಪ್ಪನ ಚಿತ್ರ ಬರೀ ಅಂದ್ರೆ ಫೋನಿನ ಚಿತ್ರ ಬರೀತಾಳೆ."

ತೂಕದಣ್ಣ ಧಣಿಯ ಮುಂದೆ ನಿಂತು, ಆ ಊರಿನ ಅಂಗಳಕ್ಕೆ ಕಳಿಸಿ ಎಂದು ಕೇಳಿದ. ಧಣಿ ಚಹಾ ಹೀರುತ್ತ, ಕೂಲಿಗಳೆಲ್ಲ ಕೇಳುವ ಹಾಗೆ ನಕ್ಕರು.

"ನಿನ್ನ ಕೈ ತಾಗದೆ ಆ ಕಂಪ್ಯೂಟರ್ ಶುರುವಾಗಲಿ ಮಾರಾಯ. ಆವತ್ತೇ ಹೊರಡು. ನಾನೇ ಬಸ್ ಹತ್ತಿಸ್ತೀನಿ."

ಕೋಣೆಗೆ ಹೊಸದಾಗಿ ಸೇರಿದ್ದವಳು ಟೀಚರಮ್ಮ. ಕಲಿಸುತ್ತಿದ್ದ ಶಿಶುವಿಹಾರ ಮುಚ್ಚಿದ್ದರಿಂದ ತೂಕದ ಚೀಟಿ ಬರೆಯಲು ಬಂದವಳು, ಬಾಯಿ ಚುರುಕು. ತೂಕದಣ್ಣ ಅವಳಿಗೆ ಕಲಿಸಲು ಕೂತ.

"ನೋಡಮ್ಮ, ಈ ಹಲಗೆ ಮದರ್‌ಬೋರ್ಡು. ಇದು ಮನೆ ಅಂದ್ಕೋ. ಉಳಿದವರೆಲ್ಲ ಇದರ ಮೇಲೇ ಬಾಳ್ವೆ ಮಾಡ್ಬೇಕು. ಇದು ಹಾರ್ಡ್ ಡಿಸ್ಕು, ಅಟ್ಟ ಇದ್ದ ಹಾಗೆ. ಏನಿಟ್ರೂ ಇರುತ್ತೆ. ಈ ಪಟ್ಟಿ ರ‍್ಯಾಮು. ಅಡುಗೆ ಕಟ್ಟೆ ಇದ್ದ ಹಾಗೆ. ಕೆಲಸ ನಡೀವಾಗ ಎಲ್ಲಾ ಇದರ ಮೇಲೆ ಹರಡ್ಕೋಬೇಕು, ಕರೆಂಟು ಹೋದ್ರೆ ಕಟ್ಟೆ ಖಾಲಿ."

"ಈ ಫ್ಯಾನಿನ ಕೆಳಗೆ ಬಚ್ಚಿಟ್ಕೊಂಡಿರೋದು?"

"ಪ್ರೊಸೆಸರು. ಮನೆಯ ಹಿರಿಸೊಸೆ. ಎಲ್ಲಾ ಕೆಲಸ ಅವಳದೇ, ಬಿಸಿ ಆಗೋದೂ ಅವಳೇ."

"ಹಾಗಾದ್ರೆ ಮೇಲೆ ಕೂತು ಗುರ್ ಅನ್ನೋ ಫ್ಯಾನು ಅತ್ತೆ."

"ನಗಬೇಡ. ಅತ್ತೆ ಬಾಯಿ ಮುಚ್ಚಿದ್ರೆ ಸೊಸೆ ಸುಟ್ಟು ಹೋಗ್ತಾಳೆ."

"ಅಬ್ಬಾ! ಇದನ್ನ ನಮ್ಮತ್ತೆಗೆ ಮಾತ್ರ ಹೇಳಲ್ಲ ನಾನು," ಎಂದಳು ಟೀಚರಮ್ಮ.

ನಗು ಅಲ್ಲಿಗೆ ನಿಂತಿತು. ಸ್ಕ್ರೂಡ್ರೈವರ್ ಹಿಡಿದು ಅವಳು ಬೋರ್ಡಿನ ಮೇಲೆ ಬಗ್ಗಿದಳು. ಮೊನೆ ಜಾರಿ ಬೇರೆಲ್ಲೋ ತಾಗಿತು. "ಅಲ್ಲಲ್ಲ! ಕಣ್ಣು ಎಲ್ಲಿಟ್ಟಿದ್ದೀಯ?" ಎಂದು ಇವನು ಅರಚಿದ. ಅವಳು ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದಳು.

"ಅರಚಬೇಡಿ, ನನಗೂ ಬಾಯಿದೆ. ಒಂದು ಕೇಳ್ತೀನಿ, ಸರಿಯಾಗಿ ಹೇಳಿ. ಎರಡು ಕಡ್ಡಿ ಒಂದು ಗಳಿಗೆ ಸೇರಬೇಕು, ಅಷ್ಟೇ ತಾನೆ? ಮನೆ ಬಾಗಿಲ ಬೆಲ್ಲಿನ ಗುಂಡಿ ಮಾಡೋದೂ ಅದನ್ನೇ ಅಲ್ವಾ? ಅದನ್ನೇ ಯಾಕೆ ಹಾಕಿಲ್ಲ ಇಷ್ಟು ವರ್ಷ?"

ತೂಕದಣ್ಣನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಹಾಕಿರಲಿಲ್ಲ. ಶಿಳ್ಳೆಯ ಆಸೆಗೆ ತನ್ನ ಗೂಡಿನ ಬಾಗಿಲಿಗೆ ತಾನೇ ಚಿಲಕ ಹಾಕಿಕೊಂಡು, ಧಣಿಯನ್ನು ಬೈಯುತ್ತ ಕೂತಿದ್ದ. ಟೀಚರಮ್ಮನ ಮೇಲೆ ಸಿಟ್ಟು ಬಂತು. ಆಮೇಲೆ ಸಿಟ್ಟು ತಿರುಗಿ ಅವನ ಮೇಲೇ ಬಂತು.

"ನಾನೊಬ್ಬ ಕತ್ತೆ," ಎಂದ.

"ಅದು ಬೇರೆ ಮಾತು. ಗುಂಡಿ ಹಾಕ್ತೀರೋ ಇಲ್ವೋ?"

ರಾಶಿಯಲ್ಲಿ ಬೆಲ್ಲಿನ ಗುಂಡಿಗೇನು ಬರವೇ? ಒಂದನ್ನು ಆರಿಸಿ ತಂದ. ಎರಡು ವೈರು ಎಳೆದು, ತುದಿಗಳನ್ನು ಆ ಕಡ್ಡಿಗಳಿಗೆ ಭದ್ರವಾಗಿ ಸಿಕ್ಕಿಸಿ, ಗುಂಡಿಯನ್ನು ಮೇಜಿನ ಅಂಚಿಗೆ ಮೊಳೆ ಹೊಡೆದು ಕೂರಿಸಿದ. ಕೈ ಹಾಕಿದ ಮೇಲೆ ಬಿಡುವುದುಂಟೆ? ಧೂಳು ತೆಗೆದ. ಪ್ರೊಸೆಸರಿನ ಮೇಲೆ ಒಣಗಿದ್ದ, ಬಿಸಿ ಎಳೆಯುವ ಪೇಸ್ಟನ್ನು ಕೆರೆದು ಹೊಸದು ಹಚ್ಚಿದ. ಪ್ರತಿ ಬೆಳಿಗ್ಗೆ ತಾರೀಕು ಮರೆಯುತ್ತಿದ್ದ ಮದರ್‌ಬೋರ್ಡಿಗೆ ಹೊಸ ಸೆಲ್ಲು ಹಾಕಿದ. ಟೀಚರಮ್ಮ ಒತ್ತಿದಳು. ಶುರುವಾಯಿತು. ಆರಿಸಿ ಮತ್ತೆ ಒತ್ತಿದಳು. ಮತ್ತೆ ಶುರುವಾಯಿತು. ಮಗುವಿನ ಹಾಗೆ ಚಪ್ಪಾಳೆ ಹೊಡೆದಳು.

ಶನಿವಾರ ಬೆಳಿಗ್ಗೆ ತೂಕದಣ್ಣ ಬಟ್ಟೆಯ ಚೀಲ ಕಟ್ಟಿಕೊಂಡೇ ಕೆಲಸಕ್ಕೆ ಬಂದ. ಧಣಿಯನ್ನು ಕರೆದು ತಂದು ಕೋಣೆಯ ಬಾಗಿಲಲ್ಲಿ ನಿಲ್ಲಿಸಿದ. ತಾನು ಹೊರಗೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಟೀಚರಮ್ಮ ಗುಂಡಿ ಒತ್ತಿದಳು. ಪರದೆ ಬೆಳಗಿತು. ಕಾದಿದ್ದ ಲಾರಿ ಕಟ್ಟೆ ಹತ್ತಿತು, ತೂಕ ಬಂತು, ಚೀಟಿ ಹರಿದು ಡ್ರೈವರನ ಕೈ ಸೇರಿತು.

ಧಣಿ ತಾವೇ ಒಂದು ಸಲ ಆರಿಸಿ, ಗುಂಡಿ ಒತ್ತಿ ನೋಡಿದರು. ಮುಖ ಅರಳಿತು.

"ಭಲೇ! ಹೊಸದರ ಹಾಗೆ ಮಾಡಿಬಿಟ್ಟಿದ್ದೀಯಲ್ಲೋ! ಇಂಥ ಕೈನ ಹೇಗೋ ಬಿಟ್ಟುಕೊಡ್ಲಿ? ನಾಳೆ ಇದು ಕೆಟ್ರೆ ಯಾರಪ್ಪಾ ನೋಡೋರು? ಬರೋ ವರ್ಷ ನೋಡೋಣ ಬಿಡು."

ತೂಕದಣ್ಣನಿಗೆ ಗಾಜಿನ ಕೋಣೆಯೇ ಎದ್ದು ಬಂದು ಮೈಮೇಲೆ ಕವುಚಿಕೊಂಡ ಹಾಗಾಯಿತು. ಕೆಟ್ಟರೂ ಇಲ್ಲೇ, ನೆಟ್ಟಗಾದರೂ ಇಲ್ಲೇ.

"ಎಲ್ಲರೆದುರು ಮಾತು ಕೊಟ್ಟಿದ್ರಿ."

"ಕೊಟ್ಟೆ. ಈಗ ಬೇರೆ ಮಾತು ಕೊಡ್ತಿದ್ದೀನಿ."

"ಧಣಿ, ನಾನಿದ್ದೀನಲ್ಲ," ಎಂದಳು ಟೀಚರಮ್ಮ ಒಳಗಿನಿಂದ. "ಅವರನ್ನ ಕಳಿಸಿ. ಹೆಂಡ್ತಿ ಮಕ್ಕಳಿರೋರು."

"ನಿನ್ನ ಕೆಲಸ ನೋಡಮ್ಮ ನೀನು."

"ಕೆಟ್ರೆ ನಿಮ್ಮ ರಾಶಿಗೇ ಎಸೀರಿ ಅದನ್ನ!" ತೂಕದಣ್ಣನ ದನಿಗೆ ಕಟ್ಟೆಯ ಮೇಲಿದ್ದ ಡ್ರೈವರ್ ತಲೆ ಹೊರಗೆ ಹಾಕಿದ. "ಒಂದು ಕಂಪ್ಯೂಟರ್ ತರೋ ಯೋಗ್ಯತೆ ಇಲ್ಲ, ಮನುಷ್ಯನ್ನ ಕಟ್ಟಿ ಹಾಕ್ತೀರಾ?"

"ಹೋಗು, ಹೋಗು! ನನ್ನ ಮಾತಿಲ್ಲದೆ ಅಲ್ಲೂ ನಿನಗೆ ಕುರ್ಚಿ ಇಲ್ಲ, ತಿಳ್ಕೋ. ಸಂಜೆಗೆ ಕೈ ಕಟ್ಕೊಂಡು ವಾಪಸ್ ಬರ್ತೀಯ!"

ತೂಕದಣ್ಣ ಚೀಲ ಎತ್ತಿಕೊಂಡು ಗೇಟು ದಾಟಿದ. ಸಿಟ್ಟು ಅವನನ್ನು ರಸ್ತೆಯವರೆಗೆ ತಂದಿತು. ಅಲ್ಲಿಂದ ಮುಂದೆ ಕಾಲೇ ಬರಲಿಲ್ಲ. ಕೆಲಸ ಹೋಯಿತು. ಹೆಂಡತಿಗೆ ಯಾವ ಮುಖ ತೋರಿಸುವುದು? ಗೋಡೆಯ ನೆರಳಿನಲ್ಲಿ ನಿಂತ. ಈಗ ರ‍್ಯಾಮು ಸಡಿಲವಾದೀತು. ಈಗ ಕರೆಂಟು ಹೋದೀತು, ವೈರು ಕಳಚೀತು. ಟೀಚರಮ್ಮ ಹೆದರಿ ಓಡಿ ಬಂದಾಳು. ಧಣಿಯೇ ಬಂದು ಕರೆದಾರು. ಆಗ ಹೇಳಬೇಕಾದ ಮಾತುಗಳನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡ.

ಒಂದು ಲಾರಿ ಒಳಗೆ ಹೋಯಿತು. ಇನ್ನೊಂದು ಹೊರಗೆ ಬಂತು. ಕಟ್ಟೆ ದಡ್ ಎಂದಿತು, ಮತ್ತೆ ದಡ್ ಎಂದಿತು. ಯಾರೂ ಓಡಿ ಬರಲಿಲ್ಲ. ಯಾರೂ ಕರೆಯಲಿಲ್ಲ. ಅವನಿಲ್ಲದೆ ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಹಾಗಾಗಲಿ ಎಂದು ತಾನೇ ದುಡಿದು, ಈಗ ಒಂದು ಸಲ ಕೆಡಲಿ ಎಂದು ಕಾಯುತ್ತ ನಿಂತಿದ್ದ.

ಹೊರಗೆ ಬಂದ ಲಾರಿಯೊಂದು ಪಕ್ಕದಲ್ಲಿ ನಿಧಾನಿಸಿತು. ಡ್ರೈವರ್ ಕಿಟಕಿಯಿಂದ ಬಗ್ಗಿದ.

"ಏನಣ್ಣ, ಹೆಂಡ್ತಿ ಮಗಳ ಊರಿನ ಬಸ್ಸಿಗಾ?"

"ಹೂಂ."

"ಮತ್ತೆ ಗೇಟಿನ ಕಡೆ ಮುಖ ಮಾಡ್ಕೊಂಡು ಏನು ಕಾಯ್ತಿದ್ದೀಯ? ಬಸ್ ನಿಲ್ಲೋದು ಆ ಕಡೆ."

ತೂಕದಣ್ಣ ಅವನಿಗೊಂದು ಬೈಗುಳ ಬೈದ. ಆಮೇಲೆ ಚೀಲವನ್ನು ಹೆಗಲಿಗೇರಿಸಿ ರಸ್ತೆ ದಾಟಿದ.