ಮಾವನ ಮಣಿಕಟ್ಟು

ನನ್ನನ್ನು ಕರಾಟೆಗೆ ಸೇರಿಸಿದ್ದು ಅವ್ವನೇ. ಡಿಗ್ರಿ ಮುಗಿಸಿ ಹೊಸಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಸಂಜೆ ಆಟೋದಲ್ಲಿ ನಮ್ಮೂರು ಮಲಪನಗುಡಿಗೆ ಬರುವಾಗ ಯಾರಾದರೂ ಮೈಮೇಲೆ ಬಿದ್ದರೆ ಗತಿಯೇನು ಎಂದು ಅವಳಿಗೆ ಒಂದೇ ಚಿಂತೆ. ಹನುಮೇಶ್ ಮಾಸ್ತರರ ಕ್ಲಾಸಿಗೆ ತಾನೇ ಕರೆದುಕೊಂಡು ಹೋಗಿ ಒಪ್ಪಿಸಿ ಬಂದಳು. ಮೂರು ವರ್ಷ ಕಲಿತೆ. ನಿಜ ಹೇಳಬೇಕೆಂದರೆ, ಹೊಡೆಯುವುದಕ್ಕಿಂತ ಮಾಸ್ತರರು ಹೇಳಿಕೊಟ್ಟ ಇನ್ನೊಂದು ನನಗೆ ಹಿಡಿಸಿತ್ತು: ಹೆದರಿಕೆಯಾದಾಗ ಉಸಿರು ನಿಧಾನ ಮಾಡಿ ಎದುರಿನವರ ಕಣ್ಣನ್ನೇ ನೋಡುವುದು. ತಲೆತಗ್ಗಿಸಿ ನಡೆಯುವ ಅಭ್ಯಾಸ ಬಿಟ್ಟುಹೋಯಿತು. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯೊಂದು ಬಾಕಿಯಿತ್ತು. ಅದಾದರೆ ಹುಡುಗಿಯರಿಗೆ ನಾನೇ ಕಲಿಸಬಹುದಿತ್ತು.

ಯುಗಾದಿಗೆ ಸಂಡೂರಿನಿಂದ ದುರುಗೇಶ್ ಮಾವ ಬಂದ. ಅವ್ವನ ತಮ್ಮ, ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕಿದೆ ಎನ್ನುವ ಮಂದಿ ನಮ್ಮವರು. ಮದುವೆಯ ಮಾತು ಇರಲಿ ಬಿಡಲಿ, ಅವನು ಜಡೆ ಎಳೆಯಬಹುದು, ಗಿಲ್ಲಬಹುದು, ನೋಡಿದವರೆಲ್ಲ ನಗಬೇಕು. ಅವನು ಜಡೆ ಎಳೆದಾಗ ನನಗಂತೂ ನಗು ಬರಲಿಲ್ಲ. ಬ್ಯಾಡ ಮಾವ ಎಂದು ಎರಡು ಸಲ ಹೇಳಿದೆ. ನಾನು ಹೋಳಿಗೆ ತಟ್ಟುತ್ತಿದ್ದಾಗ ಹಿಂದಿನಿಂದ ಬಂದು ಸೊಂಟ ಹಿಡಿದ. ತಿರುಗಿ ಅವನ ಕೈ ತಿರುವಿಬಿಟ್ಟೆ. ಮಣಿಕಟ್ಟು ಊದಿಕೊಂಡಿತು. ಮೂರು ವಾರ ಅವನಿಗೆ ಸ್ಟೇರಿಂಗ್ ಹಿಡಿಯಲು ಆಗಲಿಲ್ಲ.

ಹಬ್ಬಕ್ಕೆ ಬಂದವರೆಲ್ಲ ನನ್ನನ್ನು ಹುಚ್ಚಿ ಎಂದರು. ಅವನೇನು ಮಾಡಿದ ಎಂದು ಒಬ್ಬರೂ ಕೇಳಲಿಲ್ಲ. ಅವ್ವನಾದರೂ ಕೇಳಬೇಕಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಅವಳು ತಮ್ಮನ ಕೈಗೆ ಅರಿಶಿನ ಹಚ್ಚುತ್ತಾ ಅತ್ತಳು.

ಭಾನುವಾರ ನನ್ನನ್ನು ಮಾಸ್ತರರ ಬಳಿಗೆ ಕರೆದೊಯ್ದು, ಇನ್ನು ಕಲಿಸುವುದು ಬೇಡ ಎಂದಳು. ಮಾಸ್ತರರು ನನ್ನ ಪರ ಮಾತಾಡುತ್ತಾರೆ ಎಂದು ಧೈರ್ಯದಿಂದಲೇ ಹೋಗಿದ್ದೆ. ಅವರು ಎಲ್ಲ ಕೇಳಿಸಿಕೊಂಡರು. ಹಿಡಿದವನು ಯಾರು ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡು ನನ್ನತ್ತ ತಿರುಗಿದರು.

‘ನಾ ಕಲಿಸಿದ್ದು ಹೊರಗಿನವರ ಸಲುವಾಗಿ, ಚಂದ್ರಕಲಾ. ಮಾವ ಹೊರಗಿನಂವ ಏನವ್ವ?’

‘ಹೊರಗಿನಂವ ಇವತ್ತಿನತನಕ ಒಬ್ಬನೂ ನನ್ನ ಮುಟ್ಟಿಲ್ರಿ ಸರ್,’ ಎಂದೆ.

ಅವರು ಪರೀಕ್ಷೆಯ ಪಟ್ಟಿ ತೆಗೆದು ನನ್ನ ಹೆಸರಿನ ಮೇಲೆ ಗೆರೆ ಎಳೆದರು.

ಹೊರಡುವಾಗ ಗುರುವಿಗೆ ಬಗ್ಗಿ ವಂದಿಸಬೇಕು, ಅದು ಅಲ್ಲಿನ ನಿಯಮ. ನಾನು ಬಗ್ಗಲಿಲ್ಲ. ನನ್ನ ಬದಲು ಅವ್ವ ಬಗ್ಗಿ, ಮಗಳದು ತಪ್ಪಾಯಿತು ಎಂದು ಕೈಮುಗಿದಳು.