ಮುಂದಿನ ಸೀಸನ್ನಿನವರೆಗೆ

ಗಜ ತಳ ಮುಟ್ಟಲಿಲ್ಲ.

ಖಾಲಿ ಕೋವಿಯಾಗಿದ್ದರೆ ಆ ಉದ್ದನೆಯ ಕಡ್ಡಿ ನಳಿಗೆಯೊಳಗೆ ಪೂರ್ತಿ ಇಳಿದು, ಕಬ್ಬಿಣಕ್ಕೆ ಬಡಿದು ಟಣ್ ಎನ್ನಬೇಕಿತ್ತು. ಗಿರಿಧರ ಅದನ್ನು ಮತ್ತೊಮ್ಮೆ ಎತ್ತಿ ಬಿಟ್ಟ. ಮೆತ್ತಗಿನ ಸದ್ದು. ಕಡ್ಡಿಯ ತುದಿ ನಳಿಗೆಯ ಬಾಯಿಂದ ಗೇಣುದ್ದ ಹೊರಗೇ ನಿಂತಿತು.

"ಓಂಕಾರ, ಇದು ಲೋಡ್ ಆಗಿದೆ."

ಓಂಕಾರಪ್ಪ ಕರಿಮದ್ದಿನ ಡಬ್ಬಿಗಳನ್ನು ಐಸ್‌ಬಾಕ್ಸಿನಲ್ಲಿ ಜೋಡಿಸುತ್ತಿದ್ದವನು ತಲೆ ಎತ್ತಲಿಲ್ಲ.

"ಇರಲಿಕ್ಕಿಲ್ಲ ಬಿಡು."

"ಗಜ ಇಳೀತಿಲ್ಲ."

"ನವೆಂಬರ್‌ದು ಇರಬೇಕು. ಬೇಟೆ ಮುಗಿದ ಮೇಲೆ ತೆಗೆಯೋದು ಮರೆತಿರ್ತೀನಿ."

ಪೋರ್ಟರ್ ರ‍್ಯಾಂಚಿನ ಗುಡ್ಡದ ಬಡಾವಣೆಯಲ್ಲಿ ಓಂಕಾರಪ್ಪನ ಹೊಸ ಮನೆಯ ಗ್ಯಾರೇಜಿನಲ್ಲಿ ಎಲ್ಲವೂ ಅದರದರ ಜಾಗದಲ್ಲಿತ್ತು. ಸ್ಕ್ರೂಗಳು ಕೂಡ ಅಳತೆಯ ಪ್ರಕಾರ ಬಾಟಲಿಗಳಲ್ಲಿದ್ದವು. ಇಂಥ ಮನುಷ್ಯ ಮರೆಯುವುದಿಲ್ಲ ಎಂದು ಗಿರಿಧರನಿಗೆ ಗೊತ್ತಿತ್ತು. ಲಾ ಹೋಯಾದಲ್ಲಿ ಎಂ.ಎಸ್. ಓದುವಾಗ ಇಬ್ಬರೂ ಒಂದೇ ರೂಮಿನಲ್ಲಿದ್ದವರು.

ವಾರದ ಹಿಂದೆ ಓಂಕಾರಪ್ಪನ ಹೆಂಡತಿ ವಂದನಾ, ಗಿರಿಧರನ ಹೆಂಡತಿ ಕುಮುದಾಗೆ ಫೋನ್ ಮಾಡಿದ್ದಳು. ಬೇಟೆಯ ಸೀಸನ್ ಮುಗಿಯಿತಲ್ಲ, ಕೋವಿ ಮದ್ದು ಎರಡನ್ನೂ ಮುಂದಿನ ಸೀಸನ್ನಿನವರೆಗೆ ಸ್ಯಾನ್ ಡಿಯೇಗೋದಲ್ಲಿ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ, ನಮ್ಮ ವ್ಯಾಲಿಯ ಸೆಕೆಗೆ ಮದ್ದು ಕೆಡುತ್ತದಂತೆ ಎಂದಿದ್ದಳು. ಆಗ ಫೆಬ್ರವರಿ. ಸೆಕೆಗೆ ಇನ್ನೂ ತಿಂಗಳುಗಳಿದ್ದವು. ಕುಮುದಾ ಏನೂ ಕೇಳಲಿಲ್ಲ, ಗಂಡನಿಗೆ ಹೇಳಿದಳು. ಗಿರಿಧರನೂ ಏನೂ ಕೇಳದೆ ಓಂಕಾರಪ್ಪನಿಗೆ ಹೇಳಿದ. ಓಂಕಾರಪ್ಪ, "ಶನಿವಾರ ಬಾ" ಎಂದ. ಬಿಸಿ ಪಾತ್ರೆಯೊಂದನ್ನು ಎಚ್ಚರಿಕೆಯಿಂದ ಕೈಯಿಂದ ಕೈಗೆ ದಾಟಿಸಿದಂತೆ ಎಲ್ಲ ಸಭ್ಯವಾಗಿ ನಡೆದಿತ್ತು.

ಗಿರಿಧರ ಕೋವಿಯನ್ನು ಅಡ್ಡ ಹಿಡಿದು ನೋಡಿದ. ಟ್ರಿಗರ್ ಒತ್ತಿದಾಗ ಕುದುರೆಯೆಂಬ ಕೊಕ್ಕೆ ಬಂದು ಬಡಿಯುವ ಜಾಗದಲ್ಲಿ, ಕಿಡಿ ಹಾರಿಸುವ ತಾಮ್ರದ ಕೇಪು ಮಿನುಗುತ್ತಿತ್ತು. ನವೆಂಬರಿನಲ್ಲಿ ಇಬ್ಬರೂ ಬೇಟೆಯಿಂದ ವಾಪಸು ಹೊರಡುವಾಗ ಓಂಕಾರಪ್ಪ ಕೇಪು ತೆಗೆದದ್ದನ್ನು ಅವನೇ ಕಂಡಿದ್ದ.

"ಕೇಪೂ ಇದೆಯಲ್ಲೋ."

"ಹೌದಾ?"

ಅಡುಗೆಮನೆಯ ಬಾಗಿಲು ತೆರೆದು ವಂದನಾ ಬಂದಳು. ಕೈಯಲ್ಲಿ ಕಾಫಿಯ ಲೋಟ. ಬಟ್ಟೆ ಒಣಗಿಸುವ ಮಶೀನಿನ ಧಗೆಯಲ್ಲೂ ಬೆರಳವರೆಗೆ ಇಳಿದ ಸ್ವೆಟರು. ಅವಳು ಗಂಡನನ್ನು ನೋಡದೆ, ಆ ಮಶೀನಿನ ಕಡೆ ನೋಡುತ್ತ ಮಾತಾಡಿದಳು.

"ಮರೆತಿಲ್ಲ ಗಿರಿಧರ್. ಮೊನ್ನೆ ಡೈನಿಂಗ್ ಟೇಬಲ್ ಮೇಲೆ ಇಟ್ಕೊಂಡು ತುಂಬಿದ್ರು. ನನ್ನನ್ನ ಎದುರಿಗೆ ಕೂರಿಸ್ಕೊಂಡು. ನಿಧಾನಕ್ಕೆ."

ಓಂಕಾರಪ್ಪ ಐಸ್‌ಬಾಕ್ಸಿನ ಮುಚ್ಚಳ ಹಾಕಿದ. ಬಟ್ಟೆಗೆ ಕೈ ಒರೆಸಿಕೊಂಡ. ಹತ್ತಿರ ಹೋಗಿ ಅವಳ ಕಿವಿಯ ಮೇಲೆ ಹೊಡೆದ.

ಲೋಟ ಸಿಮೆಂಟಿಗೆ ಬಿದ್ದು ಉರುಳಿತು. ವಂದನಾ ಮಶೀನಿನ ಮೂಲೆಗೆ ಹಣೆ ತಾಗಿ ಕುಸಿದಳು. ಅವನು ಅವಳ ಜಡೆ ಹಿಡಿದು ಎತ್ತಿ ಮತ್ತೆ ಹೊಡೆದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಅಂಟಿಕೊಂಡ ಮುಚ್ಚಳವನ್ನು ಬಿಡಿಸುವವನ ಗಮನವಿತ್ತು.

ಈ ಮುಖವನ್ನು ಗಿರಿಧರ ಬಲ್ಲ. ನವೆಂಬರಿನಲ್ಲಿ ಗಿರಿಧರನ ಗುಂಡು ಜಿಂಕೆಯ ಬೆನ್ನುಮೂಳೆ ಮುರಿದಿತ್ತು. ಅದು ಮುಂಗಾಲುಗಳಲ್ಲಿ ತನ್ನನ್ನು ಎಳೆದುಕೊಂಡು ಪೊದೆಯತ್ತ ತೆವಳುತ್ತಿತ್ತು. ಒಂದೇ ಗುಂಡಿನ ಕೋವಿ. ಮತ್ತೆ ಮದ್ದು ಸುರಿದು ಜಡಿಯಬೇಕು. ಗಿರಿಧರ ಸುರಿದ ಮದ್ದೆಲ್ಲ ನಳಿಗೆಗೆ ಹೋಗದೆ ಬೂಟಿನ ಮೇಲೆ ಚೆಲ್ಲಿತು. ಓಂಕಾರಪ್ಪ ಹೋಗಿ ಅದರ ಕತ್ತಿನ ಮೇಲೆ ಮಂಡಿಯೂರಿ ಚಾಕು ಹಾಕಿದ. ಅದರ ಕಣ್ಣು ತಿರುಗುವವರೆಗೂ ಗಿರಿಧರ ನೋಡುತ್ತ ನಿಂತಿದ್ದ. ಆಗ ಬಾಯಲ್ಲಿ ಸಿಹಿಯಂಥದೇನೋ ಊರಿತ್ತು. ಕಾರಿನಲ್ಲಿ ಇಬ್ಬರೂ ಬಿದ್ದುಬಿದ್ದು ನಕ್ಕಿದ್ದರು. ಕುಮುದಾ ಕೇಳಿದ್ದು ಒಂದೇ: ಮಾಂಸ ಮನೆಗೆ ತರಬೇಡಿ.

ಟಕ್, ಟಕ್ ಎಂದಿತು.

ಕುದುರೆಯನ್ನು ಅವನ ಹೆಬ್ಬೆರಳೇ ಹಿಂದಕ್ಕೆ ಎಳೆದಿತ್ತು. ಒಳ್ಳೆಯದು ಎಂದುಕೊಂಡ. ಕೊನೆಗೂ ನಾನು ಏನಾದರೊಂದು ಮಾಡುತ್ತಿದ್ದೇನೆ. 'ಬಿಡು ಅವಳನ್ನ' ಎನ್ನಲು ಹೊರಟ. ಕೋವಿ ಸೊಂಟದ ಹತ್ತಿರ ಎದ್ದಿತ್ತು. ನಳಿಗೆಯ ಜಾಡು ಹಿಡಿದು ಅವನ ಕಣ್ಣು ಮುಂದೆ ಹೋಯಿತು.

ನಳಿಗೆ ಓಂಕಾರಪ್ಪನ ಕಡೆ ಇರಲಿಲ್ಲ. ಮಶೀನಿಗೆ ಒರಗಿ, ಕಿವಿಯಿಂದ ಇಳಿಯುತ್ತಿದ್ದ ರಕ್ತವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದ ವಂದನಾಳ ಎದೆಗೆ ನೇರವಾಗಿತ್ತು.

ಸರಿಸಬೇಕು ಎಂದು ಹೊಳೆದದ್ದು ನಿಜ. ಆದರೆ ತಕ್ಷಣ ಸರಿಸಲಿಲ್ಲ ಎನ್ನುವುದೂ ನಿಜ. ಬಾಯಲ್ಲಿ ಅದೇ ಸಿಹಿ ಊರುತ್ತಿತ್ತು. ಬೆರಳು ತನ್ನದೇ ಒಂದು ಕುತೂಹಲದಿಂದ ಟ್ರಿಗರಿನ ಮೇಲೆ ಕೂತಿತ್ತು. ವಂದನಾ ತಲೆ ಎತ್ತಿದಳು. ಮೊದಲು ನಳಿಗೆಯನ್ನು, ಆಮೇಲೆ ಅವನ ಮುಖವನ್ನು ನೋಡಿದಳು. ಬೆಚ್ಚಲಿಲ್ಲ. ಪರಿಚಯದವರು ಎದುರಿಗೆ ಬಂದಂತೆ ನೋಡಿದಳು.

ಓಂಕಾರಪ್ಪ ನಕ್ಕ.

"ಏನಲೇ, ಕುದುರೆ ಎಳ್ಕೊಂಡು ನಿಂತಿದೀಯ? ಕೊಡು ಇಲ್ಲಿ. ಯಾರಿಗಾದ್ರೂ ತಾಗಿಸಿಬಿಟ್ಟೀಯ."

ಗಿರಿಧರ ಕೊಟ್ಟುಬಿಟ್ಟ.

ಓಂಕಾರಪ್ಪ ಹೆಬ್ಬೆರಳಿನಲ್ಲಿ ತಡೆದು ಕುದುರೆಯನ್ನು ಮೆಲ್ಲಗೆ ಇಳಿಸಿ ಕೇಪು ಕಿತ್ತ. ಕೋವಿಯನ್ನು ಮೇಜಿನ ಇಕ್ಕಳದಲ್ಲಿ ಅಂಗಾತ ಬಿಗಿದು, ಗಜದ ತುದಿಗೆ ತಿರುಪು ಹಾಕಿ, ಒಳಗಿನ ಸೀಸಕ್ಕೆ ಅದನ್ನು ತಿರುಗಿಸಿ ತಿರುಗಿಸಿ ಇಳಿಸಿ ಎಳೆದ. ಗುಂಡು ಹಲ್ಲಿನ ಹಾಗೆ ಕಿತ್ತುಕೊಂಡು ಬಂತು. ಮದ್ದನ್ನು ಹಳೆಯ ಪೇಪರಿನ ಮೇಲೆ ಕೊಡವಿದ. ಒಂದು ಕಾಳೂ ಆಚೆ ಚೆಲ್ಲಲಿಲ್ಲ. ಅಷ್ಟರಲ್ಲಿ ವಂದನಾ ಒಳಗೆ ಹೋಗಿದ್ದಳು.

"ಪೊಲೀಸರಿಗೆ ಫೋನ್ ಮಾಡ್ತೀಯಾ?" ಕೆಲಸ ಮುಗಿಸುತ್ತ ಕೇಳಿದ. ಊಟ ಮಾಡ್ತೀಯಾ ಎಂದಂತಿತ್ತು.

"ನಾನ್ಯಾಕೆ…"

"ಮತ್ತೆ ಹೊರಡು. ಟ್ರಾಫಿಕ್ ಶುರುವಾಗುತ್ತೆ."

ಐಸ್‌ಬಾಕ್ಸ್ ಡಿಕ್ಕಿಯಲ್ಲಿ ಕೂತ ಮೇಲೆ ಕೋವಿಗೆ ಅಲ್ಲಿ ಜಾಗವಾಗಲಿಲ್ಲ. ಹಿಂದಿನ ಸೀಟಿನಲ್ಲಿ ಗಿರಿಧರನ ಪುಟ್ಟ ಮಗಳ ಖಾಲಿ ಕಾರ್‌ಸೀಟ್ ಇತ್ತು. ಓಂಕಾರಪ್ಪ ಹಳದಿ ಕಂಬಳಿಯೊಂದನ್ನು ತಂದು ಕೋವಿಗೆ ಸುತ್ತಿ, ಮುಂದಿನ ಸೀಟಿಗೆ ಓರೆಯಾಗಿ ಒರಗಿಸಿದ. ಸೀಸದ ಗುಂಡುಗಳ ಚೀಲಗಳನ್ನು ಸೀಟಿನ ಮೇಲಿಟ್ಟ. "ಹುಷಾರು" ಎಂದು ಒಳಗೆ ಹೋದ.

ಗಿರಿಧರ ಕಾರು ಶುರು ಮಾಡುವಷ್ಟರಲ್ಲಿ ಮುಂಬಾಗಿಲಿಂದ ವಂದನಾ ಬಂದಳು. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ, ಕಿವಿಗೆ ಒತ್ತಿಹಿಡಿದ ಟವೆಲು. ಅವನು ಗಾಜು ಇಳಿಸಿದ.

"ನಾನೂ ಬರ್ತೀನಿ," ಎಂದಳು. "ಎರಡು ದಿನ ಕುಮುದಾ ಹತ್ರ ಇರ್ತೀನಿ. ಆಮೇಲೆ ಎಲ್ಲಿಗಾದ್ರೂ ಹೋಗ್ತೀನಿ."

ಗ್ಯಾರೇಜಿನಲ್ಲಿ ತನ್ನ ಮುಖವನ್ನು ಕಂಡಮೇಲೂ ಕೇಳುತ್ತಿದ್ದಾಳಲ್ಲ ಎಂದು ಗಿರಿಧರನಿಗೆ ಸಿಟ್ಟು ಬಂತು. ಅವಳು ಪಕ್ಕದಲ್ಲಿ ಕೂತು, ಅಷ್ಟು ದೂರ, ಏನೂ ಮಾತಾಡದೆ ಬರುವುದನ್ನು ಊಹಿಸಿಕೊಂಡ.

"ಕಾರಲ್ಲಿ ಮದ್ದಿದೆ ವಂದನಾ. ಸೇಫ್ ಅಲ್ಲ."

ಅವಳು ಅವನ ಪಕ್ಕದ ಸೀಟನ್ನು ನೋಡಿದಳು.

"ನೀವು ಕೂತಿದೀರಲ್ಲ?"

"ಸಂಜೆ ಕುಮುದಾ ಫೋನ್ ಮಾಡ್ತಾಳೆ. ನಾನು ಹೇಳ್ತೀನಿ."

"ಸಂಜೆ," ಎಂದಳು ಅವಳು. ಪ್ರಶ್ನೆಯೋ ಉತ್ತರವೋ ತಿಳಿಯಲಿಲ್ಲ. ಅವನು ಗಾಜು ಏರಿಸಿದ. ಇಳಿಜಾರಿನ ತಿರುವಿನವರೆಗೂ ಕನ್ನಡಿಯಲ್ಲಿ ಅವಳು ಡ್ರೈವ್‌ವೇಯಲ್ಲೇ ನಿಂತಿದ್ದಳು. ಅವಳ ಹಿಂದೆ ಗ್ಯಾರೇಜಿನ ಬಾಗಿಲು ತಾನಾಗಿ ಕೆಳಗಿಳಿಯುತ್ತಿತ್ತು.

ಫ್ರೀವೇಗೆ ಬರುವ ಮೊದಲೇ ಕುಮುದಾಳ ಫೋನು.

"ತಗೊಂಡ್ರಾ?"

"ಹೂಂ."

"ವಂದನಾ ಹೇಗಿದ್ದಾಳೆ?"

"ಕಾಫಿ ತಂದಿದ್ಲು."

"ಸದ್ಯ," ಎಂದು ಕುಮುದಾ ಉಸಿರು ಬಿಟ್ಟಳು. "ಕೋವಿ ಒಂದು ಅಲ್ಲಿಂದ ಬಂತಲ್ಲ. ಇನ್ನು ಭಯ ಇಲ್ಲ."

"ಹೌದು."

ಸಂಜೆ ವಂದನಾಗೆ ಫೋನ್ ಮಾಡು ಎಂದು ಹೇಳಲು ಬಾಯಿ ತೆರೆದ. ಬರುವಾಗ ಮೊಸರು ತನ್ನಿ ಎಂದು ಅವಳು ಫೋನ್ ಇಟ್ಟುಬಿಟ್ಟಳು.

ಕಾರು ಒಂದೇ ಸಮನೆ ಕುಯ್ ಕುಯ್ ಎನ್ನತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ: ಪಕ್ಕದವರು ಬೆಲ್ಟ್ ಹಾಕಿಲ್ಲ. ಗುಂಡಿನ ಚೀಲಗಳ ಭಾರಕ್ಕೆ ಸೀಟು ಯಾರೋ ಕೂತಿದ್ದಾರೆಂದು ತಿಳಿದಿತ್ತು. ಸ್ವಲ್ಪ ದೂರ ಸಹಿಸಿದ. ಆಮೇಲೆ ರಸ್ತೆಯಂಚಿಗೆ ನಿಲ್ಲಿಸಿ, ಬಾಗಿ, ಬೆಲ್ಟನ್ನು ಎಳೆದು ಹಳದಿ ಕಂಬಳಿಯ ಎದೆಯ ಮೇಲೆ ಹಾಯಿಸಿ ಸಿಕ್ಕಿಸಿದ. ಸದ್ದು ನಿಂತಿತು.

ಸೆಪುಲ್ವೇಡಾದ ಕಣಿವೆಯಲ್ಲಿ ಎಲ್ಲ ಲೇನುಗಳೂ ನಿಂತುಬಿಟ್ಟಿದ್ದವು. ಎಡತುದಿಯ ಕಾರ್‌ಪೂಲ್ ಲೇನ್, ಒಬ್ಬರಿಗಿಂತ ಹೆಚ್ಚು ಜನರಿದ್ದ ಕಾರುಗಳದ್ದು, ಖಾಲಿ ಹರಿಯುತ್ತಿತ್ತು. ಗಿರಿಧರ ಒಂದು ಗಳಿಗೆ ಹಿಂದೆಮುಂದೆ ನೋಡಿ ಅದರೊಳಕ್ಕೆ ಸರಿದ. ಪಕ್ಕದಲ್ಲಿ ಬಂದ ಪೊಲೀಸ್ ಮೋಟಾರ್‌ಸೈಕಲ್ ಗಾಜಿನೊಳಗೆ ಇಣುಕಿತು. ಒಳಗೆ ಇಬ್ಬರನ್ನು ಕಂಡು ಸಮಾಧಾನವಾದಂತೆ ಮುಂದೆ ಹೋಯಿತು.

ಅವನು ವೇಗ ಹೆಚ್ಚಿಸಿದ. ತಿರುವಿನಲ್ಲಿ ಕಾರು ವಾಲಿತು. ಕಂಬಳಿ ಹೊದ್ದ ತಲೆ ನಿಧಾನವಾಗಿ ಜಾರಿ ಅವನ ಭುಜಕ್ಕೆ ಒರಗಿತು. ಅವನು ಸರಿಸಲಿಲ್ಲ.