ಅಳಿದುಹೋದ ಜೀರುಂಡೆ ಮೇಜಿನ ಮೇಲೆ

ಕೀಟ ಸಂಗ್ರಹಾಲಯದಲ್ಲಿ ಅಕ್ಕ ಎಂದರೆ ಒಬ್ಬಳೇ, ಲೇಬಲ್ ಅಕ್ಕ. ಸೂಜಿ ಚುಚ್ಚಿಸಿಕೊಂಡ ಪ್ರತಿ ಹುಳದ ಕೆಳಗೂ ಸಿಕ್ಕ ಜಾಗ, ತಾರೀಖು, ಹಿಡಿದವರ ಹೆಸರು ಬರೆಯುವುದು ಅವಳ ಇಪ್ಪತ್ತಾರು ವರ್ಷದ ಕೆಲಸ. ತಲೆ ಹೋದರೂ ಸುಳ್ಳು ತಾರೀಖು ಬರೆದವಳಲ್ಲ.

ಅಂದು ಸಂಜೆ ನಿರ್ದೇಶಕರಿಗೆ ಸನ್ಮಾನ. ಹೂವು ಮೇಯುವ ರತ್ನಜೀರುಂಡೆ ಭೂಮಿಯಿಂದಲೇ ಅಳಿದುಹೋಯಿತೆಂದು ನಾನೂರು ಪುಟ ಅತ್ತಿದ್ದರಲ್ಲ, ಅದಕ್ಕೆ. ಹೂಗುಚ್ಛ ಬೆಳಿಗ್ಗೆಯೇ ಬಂದು ಅವರ ಮೇಜಿನ ಮೇಲೆ ಕೂತಿತ್ತು. ಸಹಿ ಹಾಕಿಸಲು ಹೋದ ಅಕ್ಕ ನೋಡುತ್ತಾಳೆ, ಹಳದಿ ಹೂವಿನ ನಡುವೆ ಮಿರಿಮಿರಿ ಹಸಿರು ಬೆನ್ನಿನ, ಕೆಂಪಂಚಿನ ಒಂದು ಹುಳ ಎಸಳು ಕಚ್ಚಿ ಕಚ್ಚಿ ತಿನ್ನುತ್ತಿದೆ! ಮೇಜಿನ ಹಲಗೆಯಲ್ಲಿ ಹೊಸ ತೂತು, ಸುತ್ತ ಮರದ ಪುಡಿ.

ಈ ಜೀರುಂಡೆಯ ಮರಿ ಸತ್ತ ಮರ ಕೊರೆಯುತ್ತ ವರ್ಷಗಟ್ಟಲೆ ಒಳಗೇ ಇರುತ್ತದೆ. ರೆಕ್ಕೆ ಬಂದ ಮೇಲೆ ಕೆಲವೇ ವಾರ ಹೂವಿನ ಊಟ. ಸಾಹೇಬರು ಕಾಡುಮೇಡು ಅಲೆದು ಬಂದು ಅದರ ಶೋಕ ಬರೆಯುತ್ತಿದ್ದಾಗ ಅದು ಅವರ ಮೊಣಕೈ ಕೆಳಗೇ ಮರ ಮೇಯುತ್ತಿತ್ತು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಅಂದರೆ ಇದೇ. ಅಕ್ಕನಿಗೆ ಮಾತ್ರ ಅಳು ಬರುವಷ್ಟು ಸಂತೋಷವಾಯಿತು.

"ಸಾರ್, ಇದು ಬದುಕಿದೆ!"

ನಿರ್ದೇಶಕರ ಮುಖ ಬಿಳಿಚಿಕೊಂಡಿತು. ಓಡಿಹೋಗಿ ಬಾಗಿಲು ಹಾಕಿದರು. "ಸಂಜೆ ಸನ್ಮಾನ ಇಟ್ಕೊಂಡು ಇದೇನ್ರೀ ಗ್ರಹಚಾರ! ಕೊಂದು ಸೂಜಿ ಚುಚ್ಚಿ. ನಲವತ್ತು ವರ್ಷದ ಹಿಂದಿನ ತಾರೀಖು ಬರೆದು ಡ್ರಾಯರಿಗೆ ಸೇರಿಸಿಬಿಡಿ."

"ಅದು ನನ್ನ ಕೈಲಿ ಆಗಲ್ಲ ಸಾರ್," ಎಂದಳು ಅಕ್ಕ, ಕಡ್ಡಿ ಮುರಿದಂತೆ.

"ಹಾಗಾದ್ರೆ ಲೇಬಲ್ಲೇ ಬೇಡ, ಹೊಸಕಿ ಬಿಸಾಕಿ. ಮೂರು ವಾರದಲ್ಲಿ ತಾನೇ ಸಾಯೋ ಹುಳ."

"ಆ ಮೂರು ವಾರನಾದ್ರೂ ಹೂವು ತಿನ್ಲಿ ಬಿಡಿ. ಇರೋದು ಇದೊಂದೇ ಆಗಿದ್ರೆ? ಇದನ್ನ ಕೊಂದ್ರೆ ನಿಮ್ಮ ಪುಸ್ತಕ ನಿಜ ಆಗಿಬಿಡುತ್ತಲ್ಲ ಸಾರ್!"

ಮನುಷ್ಯನಿಗೆ ನಾಚಿಕೆಯಾಗಲಿ ಎಂದು ಅವಳು ಹೇಳಿದ್ದು. ಅವರ ಮುಖ ಅರಳಿತು.

"ಹೌದಲ್ವಾ!" ಎಂದು ತಮ್ಮದೇ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿದರು. ಅಕ್ಕ ಹಿಂದೆಮುಂದೆ ನೋಡದೆ ಹೂಗುಚ್ಛ ಕಿತ್ತುಕೊಂಡು ಕಿಟಕಿಯಾಚೆ ಎಸೆದಳು. ಅದು ನೆಲ ಮುಟ್ಟುವ ಮೊದಲೇ ಹಸಿರು ಹುಳ ಗುಂಯ್ ಎಂದು ಬಿಸಿಲಿಗೆ ಹಾರಿತು. ಇಲ್ಲಿ ನಾನೂರು ಪುಟವೂ ಖಾಲಿ ಮೇಜಿನ ಮೇಲೆ ದೊಪ್ಪೆಂದು ಬಿತ್ತು.

ಪುಸ್ತಕದ ಪಕ್ಕದಲ್ಲೇ, ಎರಡನೆಯ ತೂತಿನಿಂದ, ಇನ್ನೊಂದು ಜೀರುಂಡೆ ಮೀಸೆ ಆಡಿಸುತ್ತ ಹೊರಗೆ ಬಂತು.